ಇಂಗ್ಲಿಷ್ ಪದ್ಯಕ್ಕೆ ಹೂಂಗುಟ್ಟಿದವಳು

ನಮ್ಮನೆಯವರು ಕಾಲೇಜಿನಲ್ಲಿ ಇಂಗ್ಲಿಷ್ ಮೇಷ್ಟ್ರು. ಪಾಠ ಹೇಳುವುದು ಸಾಲದೆಂದು ಇಂಗ್ಲಿಷಿನಲ್ಲಿ ಪದ್ಯವನ್ನೂ ಬರೆಯುತ್ತಿದ್ದರು. ನನಗೋ ಇಂಗ್ಲಿಷಿನ ಗಂಧವೇ ಇರಲಿಲ್ಲ. ಹೀಗಿದ್ದೂ ಅವರ ಪದ್ಯಗಳನ್ನು ನನ್ನಷ್ಟು ಕೇಳಿದವರು ಈ ಮೈಸೂರಿನಲ್ಲಿ ಇನ್ನೊಬ್ಬರಿಲ್ಲ.

ಮದುವೆಯಾಗಿ ನಾನು ಸರಸ್ವತಿಪುರಂಗೆ ಬಂದದ್ದು ದೇಶಕ್ಕೆ ಸ್ವಾತಂತ್ರ್ಯ ಬಂದ ಹೊಸತರಲ್ಲಿ. ಹುಟ್ಟಿ ಬೆಳೆದದ್ದು ಅಗ್ರಹಾರದಲ್ಲಿ. ಅಲ್ಲಿ ನಮ್ಮ ಮನೆಯಲ್ಲಿ ಯಾರಾದರೂ ಸೀನಿದರೆ ಎದುರು ಮನೆಯವರು ಕಿಟಕಿಯಿಂದಲೇ ‘ಚಿರಂಜೀವಿಯಾಗು’ ಅನ್ನುತ್ತಿದ್ದರು. ಇಲ್ಲಿ ಬಾಡಿಗೆ ಮನೆ, ಸುತ್ತ ಖಾಲಿ ಸೈಟು. ಬೆಳಿಗ್ಗೆ ಇವರು ಸೈಕಲ್ ಹತ್ತಿ ಹೋದರೆ ಸಂಜೆಯವರೆಗೆ ಮಾತಾಡಿಸಲು ಒಂದು ನರಪಿಳ್ಳೆ ಇಲ್ಲ. ಮಕ್ಕಳಾಗಲಿಲ್ಲ. ಮಧ್ಯಾಹ್ನ ಒಲೆಯ ಜೊತೆ ಮಾತಾಡುತ್ತಿದ್ದೆ, ಸುಳ್ಳಲ್ಲ.

ಮೊದಮೊದಲು ಭಾನುವಾರಗಳಲ್ಲಿ ಇವರ ಸ್ನೇಹಿತರು ನಾಲ್ಕೈದು ಜನ ಬರುತ್ತಿದ್ದರು. ಇವರು ಓದುವರು, ಅವರು ತಲೆದೂಗುವರು, ನಾನು ಕಾಫಿ ಕೊಡುವೆನು. ಬರಬರುತ್ತ ಒಬ್ಬೊಬ್ಬರೇ ಕಳಚಿಕೊಂಡರು. ಅವರಲ್ಲೊಬ್ಬರು ಗೇಟಿನ ಹತ್ತಿರ ಇನ್ನೊಬ್ಬರಿಗೆ ಅಂದದ್ದು ನನ್ನ ಕಿವಿಗೇ ಬಿತ್ತು: “ಇಂಗ್ಲಿಷಿನವನೇ ಗಂಟುಮೂಟೆ ಕಟ್ಬುಟ್ಟ ಕಣ್ರೀ, ಇನ್ನು ಇವರ ಪದ್ಯ ಯಾರಿಗೆ?” ಐದು ನಿಮಿಷದ ಹಿಂದೆ ಅದೇ ಬಾಯಲ್ಲಿ ನಾನು ಕರಿದ ಕೋಡುಬಳೆ ತಿಂದಿದ್ದ ಪುಣ್ಯಾತ್ಮ! ಆ ಮಾತನ್ನು ನಾನು ಇವರಿಗೆ ಹೇಳಲಿಲ್ಲ.

ಕೊನೆಗೆ ಕೇಳುವವಳು ನಾನೊಬ್ಬಳೇ ಉಳಿದೆ. ಸಂಜೆ ದೇವರಿಗೆ ದೀಪ ಹಚ್ಚಿ ಬಂದು ಹೂಬತ್ತಿ ಹೊಸೆಯುತ್ತ ಕೂರುತ್ತಿದ್ದೆ. ಇವರು ಎದುರಿನ ಕುರ್ಚಿಯಲ್ಲಿ ಕೂತು ಓದುತ್ತಿದ್ದರು. ಹೇಳುವವರಿಗೆ ಕೇಳುವವರು ಹೂಂಗುಟ್ಟಬೇಕು ಎನ್ನುವುದು ನಮ್ಮ ಅಜ್ಜಿಯ ಕಟ್ಟಳೆ. ಹೂಂ ಅನ್ನದಿದ್ದರೆ ಅಜ್ಜಿ ಕಥೆಯನ್ನು ಅಲ್ಲಿಗೇ ನಿಲ್ಲಿಸಿಬಿಡುತ್ತಿದ್ದಳು. ಹಾಗಾಗಿ ಇವರು ಉಸಿರು ತೆಗೆದುಕೊಂಡಲ್ಲೆಲ್ಲ ನಾನು ಹೂಂ ಅನ್ನುತ್ತಿದ್ದೆ. ಅರ್ಥ ಕೇಳಿದರೆ “ಅದು ಕನ್ನಡದಲ್ಲಿ ಬರೋದಿಲ್ಲ ಕಣೆ” ಅನ್ನುವರು. ಓದುವಾಗ ಅವರ ದನಿ ಎಷ್ಟು ಮೆತ್ತಗಾಗುತ್ತಿತ್ತೆಂದರೆ, ಹೇಳಿಕೊಳ್ಳಲು ನಾಚಿಕೆ, ನನ್ನ ಮೇಲೇ ಬರೆದಿರಬೇಕು ಅಂದುಕೊಂಡಿದ್ದೆ. ನನ್ನ ಜಂಬ ನೋಡಿ! ಇಡೀ ದಿನದಲ್ಲಿ ನನ್ನ ಪಾಲಿಗೆ ಇನ್ನೊಬ್ಬರ ದನಿ ಅಂತ ಇದ್ದದ್ದು ಆ ಒಂದು ಗಂಟೆ. ಬೆಳಗಿನಿಂದ ಅದಕ್ಕೇ ಕಾಯುತ್ತಿದ್ದೆ.

ಪಕ್ಕದ ಬೀದಿಯ ಹುಡುಗಿಯೊಬ್ಬಳು ಇಂಟರ್‌ಮೀಡಿಯಟ್ ಓದುತ್ತಿದ್ದಳು. ಒಂದು ಸಂಜೆ ಡಿಕ್ಷನರಿ ಕೇಳಲು ಬಂದವಳು, ಇವರು ಓದಿ ಮುಗಿಸುವವರೆಗೂ ಬಾಗಿಲ ಬಳಿ ನಿಂತಿದ್ದಳು. ಇವರು ಅದನ್ನು ತರಲು ಒಳಗೆ ಹೋದಾಗ ಮೆಲ್ಲಗೆ ಕೇಳಿದೆ: “ಏನಮ್ಮಾ ಅದು, ಏನಂತೆ?”

“ಅಯ್ಯೋ, ನಿಮಗೆ ಗೊತ್ತಿಲ್ವಾ ಅಕ್ಕ? ಎಲ್ಲಾ ಸಾವಿನ ವಿಷಯ ಕಣ್ರೀ. ಅರಮನೆಯವನೂ ಮಣ್ಣು, ತಿರುಕನೂ ಮಣ್ಣು, ಹೆಸರು, ಹೊಗಳಿಕೆ ಎಲ್ಲಾ ಬರೀ ಗಾಳಿ, ನಾಳೆ ನಾನೂ ಬೂದಿ ಅಂತ. ನೀವು ಬೇರೆ ಒಂದೊಂದಕ್ಕೂ ಹೂಂ ಅಂತಿದ್ರಿ!”

ಮುಸ್ಸಂಜೆ ಅಸ್ತು ದೇವತೆಗಳು ಅಡ್ಡಾಡುವ ಹೊತ್ತು, ಆಗ ಆಡಿದ ಮಾತಿಗೆ ಅವರು ‘ಅಸ್ತು’ ಅಂದರೆ ಅದು ನಡೆದೇ ತೀರುತ್ತದೆ ಎಂದು ಕೇಳಿ ಬೆಳೆದವಳು ನಾನು. ಅಂಥ ಹೊತ್ತಿನಲ್ಲಿ ಗಂಡ ಸಾಯುತ್ತೇನೆ ಅನ್ನುವುದು, ಹೆಂಡತಿ ಎದುರು ಕೂತು ಹೂಂ ಹೂಂ ಅನ್ನುವುದು! ಅದೂ ವರ್ಷಗಟ್ಟಲೆ!

ಮರುದಿನ ಬಾಯಿಗೆ ಬೀಗ ಹಾಕಿಕೊಂಡು ಕೂತೆ. ಇವರು ನಾಲ್ಕು ಸಾಲು ಓದಿ ನಿಂತರು. ಮತ್ತೆ ಓದಿದರು, ಮತ್ತೆ ನಿಂತರು. “ಯಾಕೆ, ಚೆನ್ನಾಗಿಲ್ವಾ?” ಅಂದರು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಹೊಟ್ಟೆ ಹಿಡಿದುಕೊಂಡು ನಕ್ಕರು.

“ಅಸ್ತು ದೇವತೆಗಳಿಗೆ ಇಂಗ್ಲಿಷ್ ಬರುತ್ತಾ, ಪೆದ್ದಿ?”

“ನಿಮಗೇ ಬಂದಿರೋದು ದೇವತೆಗಳಿಗೆ ಬರೋಲ್ವೇನ್ರೀ?” ಅಂದೆ.

ನಗು ನಿಂತಿತು. ಕಾಗದ ಮಡಿಚಿಕೊಂಡು ಒಳಗೆ ಹೋದರು. ಆಮೇಲೆ ಎಷ್ಟೋ ದಿನ ಓದಲೇ ಇಲ್ಲ. ಕಾಫಿ ಕುಡಿದು ಗೋಡೆ ನೋಡುತ್ತ ಕೂರುವರು. ನಾನೂ ಜಗ್ಗಲಿಲ್ಲ, ಹೂಂ ಅನ್ನುವುದೆಂದರೆ ನನ್ನ ತಾಳಿಯ ಪ್ರಶ್ನೆ. ಆದರೆ ಆ ಒಂದು ಗಂಟೆಯೂ ಹೋಗಿ ಮನೆ ಬಿಕೋ ಅನ್ನುತ್ತಿತ್ತು. ಇಬ್ಬರಿದ್ದೂ ಒಂಟಿಯಾಗುವುದಿದೆಯಲ್ಲ, ಅದು ಯಾವ ಶತ್ರುವಿಗೂ ಬೇಡ. ಒಂದು ಸಂಜೆ ತಡೆಯಲಾರದೆ ರೇಗಿಬಿಟ್ಟೆ:

“ಹೊಗಳಿಕೆ ಎಲ್ಲಾ ಬರೀ ಗಾಳಿ ಅಂತ ಬರೆದೋರು ನೀವೇ ತಾನೆ? ಮತ್ತೆ ನನ್ನ ಒಂದು ಹೂಂಗೆ ಯಾಕ್ರೀ ಇಷ್ಟು ಮುನಿಸು?”

ಜಗಳಕ್ಕೆ ಬರುತ್ತಾರೆ ಅಂದುಕೊಂಡಿದ್ದೆ. ಬರಲಿಲ್ಲ. ತಲೆ ತಗ್ಗಿಸಿ, “ಬರೆಯೋದು ಸುಲಭ ಕಣೆ” ಅಂದರು. “ಕೇಳೋಳು ನೀನೊಬ್ಬಳಿದ್ದೆ. ಅದೂ ಇಲ್ದೆ ಹೋದ್ರೆ ಈಗಲೇ ಸತ್ತ ಹಾಗೆ ಅನ್ಸುತ್ತೆ” ಅಂದರು.

“ಬಿಡ್ತು ಅನ್ನಿ!” ಎಂದು ಕಿರುಚಿದೆ. ಅಂದಕೂಡಲೇ ದಾರಿ ಹೊಳೆಯಿತು. ಕೆಟ್ಟ ಮಾತಿನ ದೋಷ ಕಳೆಯುವ ಮಾತು ನಾಲಿಗೆಯ ಮೇಲೇ ಇರುವಾಗ ನಾನೇಕೆ ಹೆದರಬೇಕು?

ಅಂದಿನಿಂದ ಇವರು ನಾಲ್ಕು ಸಾಲು ಓದುವರು, ನಾನು “ಬಿಡ್ತು” ಅನ್ನುವೆನು. ರಾಜ ಮಣ್ಣಾದರೂ ಬಿಡ್ತು, ಕವಿ ಬೂದಿಯಾದರೂ ಬಿಡ್ತು. ಮೊದಲ ದಿನ ನಗು ತಡೆಯಲಾಗದೆ ಅವರಿಗೆ ಓದುವುದಕ್ಕೇ ಆಗಲಿಲ್ಲ. ಆಮೇಲಾಮೇಲೆ, ನಾನು ಅನ್ನಲಿ ಎಂದು ಕಾದಿದ್ದು ಮುಂದಿನ ಸಾಲಿಗೆ ಹೋಗುತ್ತಿದ್ದರು. ಇಷ್ಟೊಂದು ಬಿಡ್ತು ಹೇಳಿಸಿಕೊಂಡ ಇಂಗ್ಲಿಷ್ ಪದ್ಯಗಳು ಲೋಕದಲ್ಲಿ ಬೇರೆ ಇರಲಾರವು. ನಮ್ಮಿಬ್ಬರ ಒಳ್ಳೆಯ ವರ್ಷಗಳು ಅವು.

ಅರವತ್ತರ ದಶಕದ ಮೊದಲಲ್ಲಿ ಅವರು ಹೋದರು. ಹಾಡುಹಗಲು, ಪಾಠದ ನಡುವೆ, ಎದೆ ಹಿಡಿದುಕೊಂಡು ಕುರ್ಚಿಯಲ್ಲಿ ಕೂತವರು ಏಳಲಿಲ್ಲ. ನಾನು ಮುಸ್ಸಂಜೆಯೊಂದನ್ನೇ ಕಾಯುತ್ತ ಕೂತಿದ್ದೆ, ಹಗಲಿಗೆ ಯಾರಿದ್ದರು ಕಾವಲು?

ಕಾಲೇಜಿನವರು ಸಂತಾಪ ಸಭೆ ಮಾಡಿ ನನ್ನನ್ನು ಮುಂದಿನ ಸಾಲಿನಲ್ಲಿ ಕೂರಿಸಿದರು. ಕಾಲಿಡಲು ಜಾಗವಿರಲಿಲ್ಲ. ಭಾನುವಾರ ಬರುವುದನ್ನು ಬಿಟ್ಟವರೆಲ್ಲ ಬಂದಿದ್ದರು. ಒಬ್ಬರು ಇವರ ಪದ್ಯವೊಂದನ್ನು ಓದಿದರು. ನಾಲ್ಕು ಸಾಲು ಮುಗಿದಾಗ ‘ಬಿಡ್ತು’ ಅನ್ನಲು ನನ್ನ ನಾಲಿಗೆ ತಾನಾಗಿ ಎದ್ದಿತು. ಇನ್ನು ಯಾರನ್ನು ಉಳಿಸಿಕೊಳ್ಳಲು ಎಂದು ನುಂಗಿಕೊಂಡೆ. ಎಷ್ಟು ಜನ, ಎಂಥ ಶ್ರದ್ಧೆ! ಈ ಜನರಲ್ಲಿ ಒಬ್ಬರು, ಆ ವರ್ಷಗಳಲ್ಲಿ ಒಂದೇ ಒಂದು ಭಾನುವಾರ ಬಂದು ಕೂತಿದ್ದರೂ ಆ ಜೀವ ಎಷ್ಟು ಹಿಗ್ಗುತ್ತಿತ್ತು!

ಕೊನೆಯಲ್ಲಿ ಎರಡು ನಿಮಿಷ ಮೌನ ಎಂದರು. ಎಲ್ಲರೂ ಎದ್ದು ತಲೆ ಬಗ್ಗಿಸಿ ನಿಂತರು. ಒಬ್ಬರೂ ಕೆಮ್ಮಲಿಲ್ಲ. ಆ ಮನುಷ್ಯ ಸಾವಿಗೂ ಇಷ್ಟು ಹೆದರಿರಲಿಲ್ಲ, ಹೆದರಿದ್ದು ಈ ಮೌನಕ್ಕೇ. ನನ್ನಿಂದ ಆಗಲಿಲ್ಲ.

“ಎಲ್ಲರೂ ಸುಮ್ನೆ ನಿಂತ್ಬುಟ್ರಲ್ರೀ, ಯಾರಾದ್ರೂ ಏನಾದ್ರೂ ಅನ್ರೀ!” ಅಂದೆ.

ಯಾರೋ ಬಂದು ಕೈ ಹಿಡಿದು ಕೂರಿಸಿ ನೀರು ಕೊಟ್ಟರು. ಮೌನ ಮುಂದುವರಿಯಿತು.