ಅಂಟಿಸಬಾರದ ಎಳೆ

ಅವಳ ನಿಜವಾದ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತಿತ್ತು. ಶೆಡ್ಡಿನಲ್ಲಿ ಎಲ್ಲರಿಗೂ ಅವಳು ಅಂಟಕ್ಕ. ತಲೆಗೂದಲಿನಷ್ಟು ಸಣ್ಣ ಗಾಜಿನ ಎಳೆಯನ್ನು ಉಕ್ಕಿನ ಸರಳಿಗೆ ಅಂಟಿಸುವುದು ಅವಳ ಕೆಲಸ. ಆ ಸರಳು ಮುಂದೆ ಯಾವುದೋ ಸೇತುವೆಯ ಹೊಟ್ಟೆ ಸೇರುತ್ತದೆ. ಸೇತುವೆ ಭಾರಕ್ಕೆ ಒಂದಿಷ್ಟು ಹಿಗ್ಗಿದರೂ ಸಾಕು, ಗಾಜಿನೊಳಗೆ ಹರಿಯುವ ಬೆಳಕು ಚಾಡಿ ಹೇಳಿಬಿಡುತ್ತದೆ.

ಆ ಊರಲ್ಲಿ ಮೊದಲು ಇದ್ದದ್ದು ಲೇತ್ ಶೆಡ್ಡುಗಳು. ಸರ್ಕಾರದ ಪರೀಕ್ಷಾ ಸಂಸ್ಥೆ ಬಂದು ಗುಡ್ಡದ ಮೇಲೆ ಕೂತದ್ದೇ ತಡ, ಅದು ಏನನ್ನು ಪರೀಕ್ಷಿಸುತ್ತದೋ ಅದನ್ನೇ ಊರು ತಯಾರಿಸತೊಡಗಿತು. ಸಂಸ್ಥೆ ಮುದ್ರೆ ಒತ್ತಿದರೆ ಊಟ, ಒತ್ತದಿದ್ದರೆ ಒತ್ತಡ. ಲೇತ್ ಬಿಟ್ಟು ಬೇರೇನೂ ಬಾರದ ಅಂಟಕ್ಕನ ಗಂಡ ಮನೆ ಸೇರಿದ. ಸಂಬಳ ತರುವವಳು ಸೊಸೆ ಎಂದಾದ ಮೇಲೆ ಅತ್ತೆ ಅವಳ ತಟ್ಟೆಗೇ ಮೊದಲು ಬಡಿಸತೊಡಗಿದಳು. ಆ ಮೊದಲ ಸೌಟಿನ ರುಚಿ ಅಂಟಕ್ಕನಿಗೆ ಚೆನ್ನಾಗಿ ಹತ್ತಿತ್ತು.

ಆಮೇಲೆ ನಾದಿನಿ ಬಂದಳು, ಗಂಡನ ಮನೆಗೆ ಬೆನ್ನು ಹಾಕಿ, ಒಂದು ಟ್ರಂಕಿನೊಂದಿಗೆ.

"ಅತ್ತಿಗೆ, ನಂಗೂ ನಿಮ್ ಶೆಡ್ಡಲ್ಲಿ ಏನಾದ್ರೂ ಕೆಲ್ಸ ಕೊಡ್ಸಿ. ಕೂತು ತಿನ್ನೋಕೆ ನಾನೇನ್ ಅಣ್ಣಾನಾ?"

ಅಂಟಕ್ಕ ಕೊಡಿಸಿದಳು, ಕಲಿಸಿದಳು: ಸರಳು ಉಜ್ಜುವುದು, ಒರೆಸುವುದು, ಎಳೆಯನ್ನು ಬಿಗಿಹಿಡಿದು ಗುಳ್ಳೆಯೇಳದಂತೆ ಅಂಟು ಹಾಯಿಸುವುದು. ಒಂದನ್ನು ಮಾತ್ರ ಕಲಿಸಲಿಲ್ಲ. ಪಕ್ಕದಲ್ಲೇ ಎರಡನೆಯ ಎಳೆಯೊಂದಿರುತ್ತದೆ; ಅದನ್ನು ಅಂಟಿಸಬಾರದು. ಬೆಳಕು ಭಾರಕ್ಕೆ ಬದಲಾಗುವಂತೆ ಬಿಸಿಗೂ ಬದಲಾಗುತ್ತದೆ. ಸಡಿಲ ಎಳೆಗೆ ಬಿಸಿ ಗೊತ್ತು, ಭಾರ ಗೊತ್ತಿಲ್ಲ, ಮನೆಯಲ್ಲಿ ಕೂತ ಗಂಡನ ಹಾಗೆ. ಮೊದಲನೆಯದು ಹೇಳಿದ್ದರಲ್ಲಿ ಇದು ಹೇಳಿದ್ದನ್ನು ಕಳೆದರೆ ನಿಜವಾದ ಭಾರ ಉಳಿಯುತ್ತದೆ. ಈ ಎಳೆಯನ್ನು ಅಂಟಕ್ಕ ತಾನೇ ಕೂರಿಸಿ, ಮೇಲೆ ರಬ್ಬರ್ ಹೊದಿಸಿಬಿಡುತ್ತಿದ್ದಳು. ನಾದಿನಿ ಇಣುಕಿದರೆ, "ಅದು ನಂಗಿರ್ಲಿ ಬಿಡು" ಅನ್ನುವಳು.

ಅಷ್ಟರಲ್ಲಿ ಸಂಸ್ಥೆ ಹೊಸ ನಿಯಮ ತಂದಿತು: ಅಂಟಿಸುವವರಿಗೆ ಪರವಾನಗಿ ಬೇಕು, ಅದಕ್ಕೊಂದು ಪರೀಕ್ಷೆ. ಶೆಡ್ಡಿನ ಯಜಮಾನ ಇಬ್ಬರನ್ನೂ ಕರೆದ.

"ಇಬ್ರೂ ಹೋಗ್ಬನ್ನಿ. ಪರವಾನಗಿ ಇರೋರು ಒಬ್ರಿದ್ರೆ ಸಾಕು ನಂಗೆ. ಇಬ್ರೂ ಪಾಸಾದ್ರೆ ಚಿಕ್ಕೋಳು ಇರ್ತಾಳೆ. ಕಣ್ಣು ಚುರುಕು ನೋಡಿ."

ಅಂಟಕ್ಕ ನಕ್ಕಳು. ಹಲ್ಲು ಮಾತ್ರ ನಕ್ಕಿತು.

ಪರೀಕ್ಷೆಯ ಹಾಲಿನಲ್ಲಿ ನಾದಿನಿ ಮುಂದಿನ ಮೇಜು, ಅಂಟಕ್ಕ ಹಿಂದಿನ ಮೇಜು. ಮೊದಲ ಎಳೆ ಮುಗಿಸಿ, ಎರಡನೆಯದನ್ನು ಕೈಯಲ್ಲಿ ಹಿಡಿದು ನಾದಿನಿ ತಡವರಿಸಿದಳು. ತಿರುಗಿ ಹುಬ್ಬೇರಿಸಿದಳು: ಇದನ್ನೂ ಅಂಟಿಸಲಾ?

ಅಂಟಕ್ಕ ಹೂಂ ಎಂದು ತಲೆಯಾಡಿಸಿದಳು.

ನಾದಿನಿ ಅದೆಷ್ಟು ಚೆಂದ ಅಂಟಿಸಿದಳೆಂದರೆ, ಹುಡುಕಿದರೂ ಒಂದು ಗುಳ್ಳೆ ಸಿಗುತ್ತಿರಲಿಲ್ಲ. ಕಲಿಸಿದವಳ ಕೈಗುಣ.

ಪರೀಕ್ಷಕರು ಸರಳುಗಳನ್ನು ಬಿಸಿ ಮಾಡಿ, ಯಂತ್ರಕ್ಕೆ ಕಚ್ಚಿಸಿ ಎಳೆದರು. ಅಂಟಕ್ಕನ ಸರಳು ಸತ್ಯ ಹೇಳಿತು. ಅವಳಿಗಿಂತ ಅದೇ ವಾಸಿ. ನಾದಿನಿಯ ಎರಡೂ ಎಳೆಗಳು ಒಂದೇ ರಾಗ ಎಳೆದವು. ಒಂದರಲ್ಲಿ ಒಂದನ್ನು ಕಳೆದರೆ ಸೊನ್ನೆ.

"ಇದ್ನ ಹಾಕಿದ್ರೆ ಸೇತುವೆ ಬಿದ್ರೂ ಸೊನ್ನೆ ಅನ್ನತ್ತಲ್ಲಮ್ಮ!" ಎಂದರು ಪರೀಕ್ಷಕರು. ಹಾಲಿಗೆ ಹಾಲೇ ನಕ್ಕಿತು. ಅಂಟಕ್ಕನೂ ಸ್ವಲ್ಪ ನಕ್ಕಳು. ಪರೀಕ್ಷಕರು ಮಾತ್ರ ನಗು ನಿಲ್ಲಿಸಿ ಕೇಳಿದರು: "ಇಂಥಾ ಪಾಠ ಹೇಳ್ಕೊಟ್ಟೋರಿಗೂ ನಾವು ಪರವಾನಗಿ ಕೊಡಲ್ಲ. ಯಾರು ನಿಂಗೆ ಕಲ್ಸಿದ್ದು?"

ಅಂಟಕ್ಕ ತನ್ನ ಮೇಜಿನ ಮೇಲಿನ ಅಂಟು ಒರೆಸತೊಡಗಿದಳು. ನಾದಿನಿ ಅವಳತ್ತ ಒಮ್ಮೆ ನೋಡಿ, ತಲೆ ತಗ್ಗಿಸಿದಳು.

"ಯಾರೂ ಇಲ್ಲ ಸರ್. ನಾನೇ ಅವ್ರಿವ್ರನ್ನ ನೋಡಿ ಕಲ್ತಿದ್ದು."

ಪರವಾನಗಿ ಅಂಟಕ್ಕನ ಕೈಗೆ ಬಂತು. ಇಬ್ಬರೂ ಗುಡ್ಡದ ರಸ್ತೆ ಇಳಿದರು. ಅರ್ಧ ದಾರಿಯಲ್ಲಿ ನಾದಿನಿ ಕೇಳಿದಳು. ದನಿಯಲ್ಲಿ ಸಿಟ್ಟಿರಲಿಲ್ಲ.

"ಆಗಿದ್ದಾಯ್ತು ಅತ್ತಿಗೆ. ಆ ಎಳೇನ ಯಾಕೆ ಅಂಟಿಸ್ಬಾರ್ದು, ಅದೊಂದ್ ಹೇಳಿ."

ಹೇಳಲು ಎರಡು ಮಾತು ಸಾಕಿತ್ತು. ಮುಂದಿನ ವರ್ಷ ಮತ್ತೆ ಪರೀಕ್ಷೆಯಿದೆ ಎಂಬುದು ಇಬ್ಬರಿಗೂ ಗೊತ್ತಿತ್ತು.

"ಅದೆಲ್ಲಾ ಇನ್ ನಿಂಗ್ಯಾಕೆ?" ಎಂದಳು ಅಂಟಕ್ಕ. "ಬೇಗ ಬೇಗ ಹೆಜ್ಜೆ ಹಾಕು, ಅತ್ತೆ ಕಾಯ್ತಿರ್ತಾರೆ. ಇವತ್ತಿಂದ ಅಡುಗೆ ನೀನೇ ತಾನೆ?"