ಎರಡು ಟೋಪಿಯ ಮಾತುಗಾರ

ಅಂಬಾತೊಮೇನ ಎಂಬ ಊರಿನ ರಲೈವಾವು ಮೂವತ್ತೆಂಟು ವರ್ಷದಲ್ಲಿ ಒಂದು ಸಲವೂ ಮಾತಿನಲ್ಲಿ ಸೋತವನಲ್ಲ. ಮದುವೆ ಇರಲಿ, ಹಿರಿಯರ ಮೂಳೆಗೆ ಹೊಸ ಬಟ್ಟೆ ಹೊದಿಸುವ ಕಾರ್ಯವಿರಲಿ, ಹುಲ್ಲಿನ ಟೋಪಿ ಇಟ್ಟು, ಬಿಳಿ ಹೊದಿಕೆಯನ್ನು ಭುಜಕ್ಕೆ ಹಾಕಿಕೊಂಡು ಅವನು ಎದ್ದು ನಿಂತನೆಂದರೆ ಎದುರಿನ ಮಾತುಗಾರ ಎರಡು ಸಲ ಎಂಜಲು ನುಂಗುತ್ತಿದ್ದ. ಒಬ್ಬ ಮಾತಾಡಬೇಕು, ಇನ್ನೊಬ್ಬ ಅದರಲ್ಲಿ ತಪ್ಪು ಹುಡುಕಬೇಕು, ತಪ್ಪಿಗೆ ಉತ್ತರ ಕೊಡಲಾರದವನು ಸೋತ. ಗೆದ್ದವನ ತಟ್ಟೆಗೆ ಕೋಳಿಯ ಬಾಲದ ತುಂಡು. ಆ ತುಂಡು ಬೇರೆಯವರ ತಟ್ಟೆಗೆ ಬಿದ್ದದ್ದನ್ನು ರಲೈವಾವು ನೋಡಿಯೇ ಇರಲಿಲ್ಲ.

ಮನೆಯಲ್ಲಿ ಮಾತ್ರ ದಿನಾ ಸೋಲು. ಹೆಂಡತಿ ರಕೇತಕ ಸಂತೆಯಲ್ಲಿ ಗೆಣಸು, ಸೊಪ್ಪು ಮಾರುವವಳು. ಆ ಊರಲ್ಲಿ ಸುತ್ತಿ ಬಳಸಿ ಮಾತಾಡುವುದು ಗಂಡಸರ ಕೆಲಸ, ನೇರ ಹೇಳುವುದು ಹೆಂಗಸರ ಕೆಲಸ.

"ದೂರ ಹೋದ ಹಕ್ಕಿಯೂ ಸಂಜೆಗೆ ಗೂಡು ನೆನೆಯುತ್ತದೆ. ಗೂಡಿನಲ್ಲಿ ಕಾಳಿದೆಯೋ ಇಲ್ಲವೋ, ಹಕ್ಕಿಗೇನು ಗೊತ್ತು..." ಎಂದು ಅವನು ಹೊಸ್ತಿಲಲ್ಲಿ ಶುರುಮಾಡಿದರೆ, "ಅನ್ನ ಆಗಿಲ್ಲ. ಕೂತ್ಕೊಳ್ಳಿ" ಎನ್ನುತ್ತಿದ್ದಳು.

ಆ ದೇಶದಲ್ಲಿ ಜುಲೈ ಎಂದರೆ ಚಳಿಗಾಲ. ಆ ವರ್ಷದ ಚಳಿಯಲ್ಲಿ ಅಮೆರಿಕದ ಒಂದು ಚರ್ಚಿನಿಂದ ಐದು ಜನ ಬಂದರು. ಹತ್ತು ದಿನ ಇದ್ದು ಶಾಲೆಯ ಮಕ್ಕಳಿಗೆ ಇಂಗ್ಲಿಷು ಕಲಿಸುವುದು, ಏಸುವಿನ ಹಾಡು ಹೇಳಿಕೊಡುವುದು ಅವರ ಕೆಲಸ. ಹಿರಿಯಳು ಲೋರ್ನಾ, ಅರವತ್ತರ ಹೆಂಗಸು, ಗಲ್ಲದ ಕೆಳಗೆ ದಾರ ಕಟ್ಟುವ ಅಗಲವಾದ ನೀಲಿ ಟೋಪಿಯವಳು. ಶಾಲೆಯ ಅಂಗಳದಲ್ಲಿ ಸ್ವಾಗತದ ಮಾತು ಊರಿನ ಕಡೆಯಿಂದ ರಲೈವಾವುವಿನದು. ಅತಿಥಿಗಳ ಕಡೆಯಿಂದ ಉತ್ತರ ಹೇಳಲು ಪಾದ್ರಿ ಆಂದ್ರಿಯಮಾರೊ ಪಕ್ಕದೂರಿನ ರಬೆಂಜನನ್ನು ಗೊತ್ತುಮಾಡಿದ್ದರು. ಅವರು ಬಂದಿಳಿದ ಮರುದಿನ, ಸ್ವಾಗತದ ಬೆಳಿಗ್ಗೆ, ರಬೆಂಜನಿಂದ ಸುದ್ದಿ ಬಂತು: "ನಮ್ಮ ಮನೆತನದ ಮೂಳೆ ಕಾರ್ಯ ಇವತ್ತೇ ಇಟ್ಟಿದ್ದಾರೆ. ಅಮೆರಿಕದವರು ಕಾಯ್ತಾರೆ, ಸತ್ತ ತಾತಂದಿರು ಕಾಯೋದಿಲ್ಲ."

ಎದುರಾಳಿ ಇಲ್ಲವೆಂದು ರಲೈವಾವುಗೆ ಸಿಟ್ಟು ಬಂತು. ಆದರೂ ಎದ್ದು ನಿಂತ. ತಾನು ಹಿರಿಯನಲ್ಲ, ಜಾಣನಲ್ಲ, ಮಾತಾಡಲು ಯೋಗ್ಯನೂ ಅಲ್ಲ ಎಂದು ಕ್ಷಮೆ ಕೇಳುವುದಕ್ಕೇ ಇಪ್ಪತ್ತು ನಿಮಿಷ ಹಿಡಿಯಿತು. ಒಟ್ಟು ಒಂದು ಗಂಟೆ ಹತ್ತು ನಿಮಿಷ ಮಾತಾಡಿದ. ಅಕ್ಕಿ ಮತ್ತು ನೀರಿನ ಹಾಗೆ ಗದ್ದೆಯಲ್ಲೂ ಜೊತೆ, ಮಡಕೆಯಲ್ಲೂ ಜೊತೆ ಇರೋಣ ಎಂದು ಮುಗಿಸಿದ.

ಲೋರ್ನಾ ಎದ್ದಳು, ನಕ್ಕಳು, ಊರವರ ಭಾಷೆಯಲ್ಲೇ "ಧನ್ಯವಾದ" ಎಂದಳು, ತರಗತಿಯ ಬಾಗಿಲಿಗೆ ನಡೆದಳು.

ಅರವತ್ತಮೂರು ಮಕ್ಕಳಲ್ಲಿ ಒಂದೂ ಅಲುಗಲಿಲ್ಲ. ತಾಯಂದಿರು ಮಕ್ಕಳ ಕೈ ಇನ್ನೂ ಬಿಗಿ ಹಿಡಿದರು.

"ಅಷ್ಟೇನಾ?" ಎಂದಳು ಒಬ್ಬಳು.

"ಅಷ್ಟೇ ಅಂತೆ."

"ನಮ್ಮನೆಗೆ ಉಪ್ಪು ಮಾರೋಕೆ ಬರೋನೂ ಇದಕ್ಕಿಂತ ಜಾಸ್ತಿ ಮಾತಾಡ್ತಾನಲ್ಲೇ!"

ಸ್ವಾಗತಕ್ಕೆ ಉತ್ತರ ಹೇಳದವರು ಅತಿಥಿಗಳೇ ಅಲ್ಲ. ಅತಿಥಿಗಳಲ್ಲದವರ ಕೈಗೆ ಮಕ್ಕಳನ್ನು ಕೊಡುವುದು ಹೇಗೆ? ಪಾದ್ರಿ ಓಡಿ ಬಂದರು.

"ಅಜ್ಜ, ಅವರ ಕಡೆಯಿಂದ ನೀವೇ ನಾಲ್ಕು ಮಾತು ಹೇಳಿಬಿಡಿ."

"ನನ್ನ ಎದುರಿಗೆ ನಾನೇನಾ? ನಾನು ಗೆದ್ರೆ ಅತಿಥಿಗಳಿಗೆ ಅವಮಾನ. ಅವರು ಗೆದ್ರೆ ಮೂವತ್ತೆಂಟು ವರ್ಷ ನೀರುಪಾಲು."

"ಸರಿಸಮ ಮಾಡಿಬಿಡಿ."

"ಮಾತಲ್ಲಿ ಸರಿಸಮ ಅನ್ನೋದಿಲ್ಲ ಪಾದ್ರಿಗಳೇ. ಎಲ್ಲರೂ ಒಟ್ಟಿಗೆ ಆಮೆನ್ ಅನ್ನೋಕೆ ಇದೇನು ನಿಮ್ಮ ಪ್ರಾರ್ಥನೆಯಾ?"

ಆದರೂ ಹೋದ. ತನ್ನ ಟೋಪಿಯನ್ನು ಸ್ಟೂಲಿನ ಮೇಲಿಟ್ಟು, ಅಂಗಳ ದಾಟಿ, ಸನ್ನೆ ಮಾಡಿ ಲೋರ್ನಾಳ ನೀಲಿ ಟೋಪಿ ಕೇಳಿ ಪಡೆದು, ಗಲ್ಲದ ಕೆಳಗೆ ಗಂಟು ಹಾಕಿದ. ಅಂಗಳವೆಲ್ಲ ನಕ್ಕಿತು. ಅವನು ನಗಲಿಲ್ಲ. ಅತಿಥಿಯಾಗಿ ಕ್ಷಮೆ ಕೇಳಿದ, ಊರನ್ನು ಹೊಗಳಿದ, ಕೊನೆಗೆ ಒಂದು ತಪ್ಪು ಎತ್ತಿದ. ಹಿಂದಕ್ಕೆ ಬಂದು ಹುಲ್ಲಿನ ಟೋಪಿ ತಲೆಗಿಟ್ಟು ಅದಕ್ಕೆ ಉತ್ತರ ಕೊಟ್ಟ. ಮತ್ತೆ ದಾಟಿದ.

ಆ ಕಡೆಯಿಂದ ಈ ಕಡೆಗೆ ಹನ್ನೆರಡು ಹೆಜ್ಜೆ. ತಂಡದಲ್ಲಿದ್ದ ಡೆನಿಸ್ ಎಂಬ ಹುಡುಗಿಯ ಬಳಿ ಅಂಕಿ ಬರೆದ ರಟ್ಟುಗಳಿದ್ದವು. ಸುಮ್ಮನೆ ಕೂತು ಬೇಸರವಾಗಿ, ಅವನ ಒಂದೊಂದು ಹೆಜ್ಜೆಗೂ ಒಂದೊಂದು ರಟ್ಟು ಎತ್ತಿದಳು. "ಒನ್, ಟೂ, ತ್ರೀ..." ಮೂರನೆಯ ಸಲಕ್ಕೆ ಚಿಕ್ಕ ಮಕ್ಕಳು ಪಿಸುಗುಟ್ಟಿದವು. ಐದನೆಯ ಸಲಕ್ಕೆ ಅರವತ್ತಮೂರೂ ಕೂಗಿದವು, ತಾಯಂದಿರೂ ಸೇರಿಕೊಂಡರು. ಇದೆಲ್ಲ ತನ್ನ ಹೊಗಳಿಕೆ ಎಂದುಕೊಂಡ ರಲೈವಾವು ಹೆಜ್ಜೆ ಸಣ್ಣ ಮಾಡಿ ಇನ್ನೂ ಗತ್ತಿನಿಂದ ನಡೆದ. ಮಕ್ಕಳು ಹನ್ನೆರಡರಲ್ಲಿ ಸಿಕ್ಕಿಕೊಂಡವು. ಡೆನಿಸ್ ಚೀಲ ತಡಕಿ ಹದಿಮೂರು, ಹದಿನಾಲ್ಕು, ಹದಿನೈದು ತೆಗೆದಳು. ಬಾಗಿಲಲ್ಲಿ ನಿಂತಿದ್ದ ಲೋರ್ನಾ ಬಂದು ನೆಲದ ಮೇಲೆ ಕೂತಳು.

ಏಳನೆಯ ಸಲ ನೀಲಿ ಟೋಪಿಯೊಳಗಿಂದ ಮಾತು ಹೊರಟಿತು. "ನಾವು ಸಮುದ್ರ ದಾಟಿದ್ದನ್ನು ಹೇಳಿದಿರಿ, ದಾರಿಯ ಆಯಾಸ ಕೇಳಿದಿರಿ. ವಿಮಾನದ ಬಗ್ಗೆ ಹೇಳಿದಿರಿ, ನಮ್ಮ ಪುಸ್ತಕದ ಬಗ್ಗೆ ಹೇಳಿದಿರಿ. ರಾತ್ರಿ ನಿದ್ದೆ ಬಂತೇ ಎಂದು ಕೇಳಿದಿರಾ?"

ಹುಲ್ಲಿನ ಟೋಪಿಯವನು ಕೇಳಿರಲಿಲ್ಲ. ಮೊಟ್ಟಮೊದಲು ಕೇಳಬೇಕಾದ ಮಾತು, ರಬೆಂಜನ ಮೇಲಿನ ಸಿಟ್ಟಿನಲ್ಲಿ ಮರೆತೇಹೋಗಿತ್ತು. ರಲೈವಾವು ತಾನೇ ಬೆಚ್ಚಿಬಿದ್ದ. ಹಿಂದಕ್ಕೆ ನಡೆದಾಗ ಯಾರೂ ಹೆಜ್ಜೆ ಎಣಿಸಲಿಲ್ಲ.

ಹುಲ್ಲಿನ ಟೋಪಿ ಇಟ್ಟುಕೊಂಡ. ಅವನ ಬಳಿ ಮೂರು ಉತ್ತರಗಳಿದ್ದವು. ಅತಿಥಿಗಳ ನಿದ್ದೆ ಅವರ ಮುಖದಲ್ಲೇ ಕಂಡಿತು ಎನ್ನಬಹುದು. ಪ್ರಯಾಣದ ಆಯಾಸವೂ ಮುಖದಲ್ಲೇ ಇತ್ತಲ್ಲ, ಅದನ್ನೇಕೆ ಕೇಳಿದಿರಿ ಎಂದು ನೀಲಿ ಟೋಪಿಯವನು ಕೇಳುತ್ತಾನೆ. ಎರಡನೆಯದನ್ನು ಅವನು ಇನ್ನೂ ಬೇಗ ಮುರಿಯುತ್ತಾನೆ. ಮೂರನೆಯದು ತಪ್ಪನ್ನು ಪಾದ್ರಿಯ ತಲೆಗೆ ಕಟ್ಟುವುದು. ಅದು ಗಂಡಸಿಗೆ ತಕ್ಕದ್ದಲ್ಲ.

ಅನ್ನದ ಮಡಕೆಗಳ ಕಡೆಯಿಂದ ರಕೇತಕ ಕೂಗಿದಳು. "ಏನ್ರೀ, ಉತ್ತರ ಕೊಡಿ! ಅವನು ಕಾಯ್ತಿದ್ದಾನೆ!"

ರಲೈವಾವು ಟೋಪಿ ತೆಗೆದ. "ಸೋತೆ" ಎಂದ.

ಗಾದೆ ಇಲ್ಲ, ಕ್ಷಮೆ ಇಲ್ಲ. ಮದುವೆಯಾದಂದಿನಿಂದ ಗಂಡನ ಬಾಯಲ್ಲಿ ಕೇಳಿದ ಮೊದಲ ನೇರ ಮಾತು ಅದೇ ಎಂದು ರಕೇತಕ ಆಮೇಲೆ ಸಂತೆಯಲ್ಲಿ ಹೇಳಿದಳು.

ತಾಯಂದಿರು ಹಿಡಿದ ಕೈ ಬಿಟ್ಟರು, ಮಕ್ಕಳು ಒಳಗೆ ನುಗ್ಗಿದವು. ಮಧ್ಯಾಹ್ನ ಊಟಕ್ಕೆ ರಕೇತಕ ಕೋಳಿಯ ಬಾಲ ಹಿಡಿದು ಎರಡು ಕಡೆಯ ನಡುವೆ ನಿಂತಳು.

"ಇದು ಯಾರಿಗ್ರೀ?"

"ಗೆದ್ದವರಿಗೆ" ಎಂದು ರಲೈವಾವು ಎದ್ದು ಹೋಗಿ, ಲೋರ್ನಾಳ ಪಕ್ಕ ಕೂತು, ಅವಳ ಟೋಪಿ ಹಾಕಿಕೊಂಡು ತಿಂದ.

ಹತ್ತು ದಿನ ಕಳೆದು ತಂಡ ಹೊರಟುಹೋಯಿತು. ಮುಂದಿನ ತಿಂಗಳು ಹೆಣ್ಣಿನ ತಂದೆಯೊಬ್ಬ ಮನೆಗೆ ಬಂದ.

"ಅಜ್ಜ, ಗಂಡಿನ ಕಡೆಯವರು ನಿಮ್ಮನ್ನ ಕರೆದಿದ್ದಾರಂತೆ. ನಮಗೆ ನಿಮ್ಮನ್ನ ಸೋಲಿಸಿದವನು ಬೇಕಿತ್ತು."

ರಲೈವಾವುಗೆ ಹಿಗ್ಗೂ ಆಯಿತು, ಉರಿಯೂ ಆಯಿತು. ರಕೇತಕ ಒಳಗಿನಿಂದ ಹೇಳಿದಳು. "ಅವನು ಅಮೆರಿಕಕ್ಕೆ ಹೋದ ಕಣಪ್ಪ!"

"ಇನ್ನು ಬರೋದೇ ಇಲ್ವಾ?"

"ಬಂದ್ರೆ ಬರಲಿ" ಎಂದ ರಲೈವಾವು. "ನಾಲ್ಕನೇ ಉತ್ತರ ಸಿಕ್ಕಿದೆ."