ಸಿಪ್ಪೆಯಕ್ಕನ ಒಲೆ

ಸಂತೆಯಲ್ಲಿ ಎಲ್ಲರೂ ಒಳ್ಳೆಯ ಕೋಸು ಹುಡುಕುತ್ತಿದ್ದರೆ ಅವಳು ಕೊಳೆತದ್ದನ್ನು ಹುಡುಕುತ್ತಿದ್ದಳು. ಅದಕ್ಕೂ ಚೌಕಾಸಿ. "ಈ ಸೊಪ್ಪು ನಾಳೆ ಹೇಗೂ ಕೊಳೆಯೋದೇ, ಇವತ್ತೇ ಹಾಕಪ್ಪ ಬಕೆಟ್ಟಿಗೆ" ಎಂದು ತರಕಾರಿಯವನ ಜೀವ ತಿಂದು, ಇನ್ನೂ ಸರಿಯಾಗಿ ಬಾಡದ ಎಲೆಗಳನ್ನೂ ಹೊತ್ತು ತರುವಳು. ಬೀದಿಯವರು ಅವಳಿಗೆ ಸಿಪ್ಪೆಯಕ್ಕ ಎಂದು ಹೆಸರಿಟ್ಟಿದ್ದು ಸುಮ್ಮನೆ ಅಲ್ಲ. ಅವಳಿಗೂ ಅದರಿಂದ ಬೇಸರವಿರಲಿಲ್ಲ. ಒಂದು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಆಲೂಗೆಡ್ಡೆ ಸುಲಿಯುತ್ತಲೇ ಆಯಸ್ಸು ಸವೆಸಿದವಳು, ಸಿಪ್ಪೆ ಅವಳಿಗೇನು ಹೊಸ ನೆಂಟನೇ?

ಗಂಡ ಮೊದಲೇ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ಕಾರ್ಖಾನೆಯೂ ಮುಚ್ಚಿದಾಗ ತಮ್ಮ ಬಂದು, "ನಡೀ ಅಕ್ಕ" ಎಂದು ಟ್ರಂಕು ಎತ್ತಿಕೊಂಡ. ತಮ್ಮ ಪ್ಲಂಬರ್. ಅವನ ಹೆಂಡತಿ ಬಟ್ಟೆ ಹೊಲಿಯುವ ಫ್ಯಾಕ್ಟರಿಗೆ ಹೋಗುವವಳು. ಕೆಟ್ಟವಳಲ್ಲ, ಆದರೆ ಮಾತೆಂದರೆ ಮೊಳೆ ಹೊಡೆದ ಹಾಗೆ. ಇನ್ನೊಬ್ಬರ ಮನೆಯಲ್ಲಿ ಕೈಕಟ್ಟಿ ಕೂತು ಉಣ್ಣುವ ಕಷ್ಟ ಉಂಡವರಿಗೇ ಗೊತ್ತು. ಅಲ್ಲಿ ಎಲ್ಲಿ ಕೂತರೂ ಅವಳಿಗೆ ಯಾರದೋ ಜಾಗ ಆಕ್ರಮಿಸಿದಂತೆ ಅನ್ನಿಸಿ, ಕೊನೆಗೆ ಟ್ರಂಕಿನ ಮೇಲೇ ಕೂರುತ್ತಿದ್ದಳು.

ಅದು ತಮ್ಮನ ಕಣ್ಣಿಗೂ ಬಿತ್ತು. ಹಿತ್ತಲಿನಲ್ಲಿ ಒಂದು ದೊಡ್ಡ ಡ್ರಮ್ಮು ನಿಲ್ಲಿಸಿ ಸಗಣಿ ನೀರು ತುಂಬಿ, ಅದರೊಳಗೆ ಇನ್ನೊಂದು ಡ್ರಮ್ಮನ್ನು ಬೋರಲು ಇಳಿಬಿಟ್ಟ. ಅಡುಗೆಮನೆಯ ಕಸ ಜಜ್ಜಿ ಹಾಕಿದರೆ ಒಳಗೇ ಕೊಳೆತು ಗ್ಯಾಸಾಗುತ್ತದೆ, ಮೇಲಿನ ಡ್ರಮ್ಮು ಏಳುತ್ತದೆ, ಪೈಪಿನಲ್ಲಿ ಗ್ಯಾಸು ಒಲೆಗೆ ಬರುತ್ತದೆ. "ಇದನ್ನ ಸಾಕೋ ಕೆಲಸ ನಿಂದು ಅಕ್ಕ. ನಮ್ಮ ಕೈಲಾಗಲ್ಲ" ಎಂದ.

ಸಾಕು ಎಂದರೆ ಸಾಕಿದಳು. ಡ್ರಮ್ಮಿನ ಆ ತೊಟ್ಟಿಗೆ ಬಕಾಸುರ ಎಂದು ಹೆಸರಿಟ್ಟು, ಬೆಳಗೆದ್ದು ಸಿಪ್ಪೆ ಜಜ್ಜಿ ಉಗುರುಬೆಚ್ಚಗಿನ ನೀರಿನಲ್ಲಿ ಕಲಸಿ ಉಣಿಸುವಳು. ನಿಂಬೆ ಸಿಪ್ಪೆ ಹಾಕುವಂತಿಲ್ಲ, ಸೋಪಿನ ನೀರು ಸೋಕುವಂತಿಲ್ಲ. ಒಮ್ಮೆ ಪ್ರೀತಿ ಹೆಚ್ಚಾಗಿ ಪಾತ್ರೆಗಟ್ಟಲೆ ಹಳಸಿದ ಅನ್ನ ಸುರಿದಳು. ಬಕಾಸುರನಿಗೆ ಹುಳಿತೇಗು ಬಂದು ವಾರವಿಡೀ ಗ್ಯಾಸೇ ಇಲ್ಲ. ಆಮೇಲೆ ಬುದ್ಧಿ ಬಂತು. ನೀಲಿ ಉರಿ ಸರಿಯಾಗಿ ನಿಂತ ದಿನ ಚಹಾ ಮಾಡಿ ತಮ್ಮನ ಹೆಂಡತಿಯ ಕೈಗಿತ್ತಾಗ ಆಕೆ, "ಪರವಾಗಿಲ್ಲ ಅತ್ತಿಗೆ" ಎಂದಳು. ಆ ಬಾಯಿಂದ ಅಷ್ಟು ಬಂದದ್ದೇ ಸನ್ಮಾನ. ಅಡುಗೆಮನೆ ಅಕ್ಕನದಾಯಿತು.

ತಾಪತ್ರಯ ಶುರುವಾದದ್ದು ವಾಸನೆಯಿಂದ. ಆ ಗ್ಯಾಸಿಗೆ ಕೊಳೆತ ಮೊಟ್ಟೆಯ ನಾತ. ಒಲೆ ಹಚ್ಚುವಾಗ ಎಷ್ಟೇ ಜಾಗ್ರತೆ ಮಾಡಿದರೂ ಒಂದಿಷ್ಟು ಹೊರಗೆ ಹೋಗುತ್ತಿತ್ತು. ಮಹಡಿಯ ಬಾಡಿಗೆಯಾಕೆ ಮೂಗು ಹಿಡಿದುಕೊಂಡೇ ಮೆಟ್ಟಿಲಿಳಿದು ಬಂದು, "ನಾವು ಉಣ್ಣೋದೋ ಬಿಡೋದೋ ಹೇಳಿಬಿಡಿ" ಎಂದು ಜಗಳ ತೆಗೆದಳು. ತಮ್ಮನ ಹೆಂಡತಿ ಅಲ್ಲೇ ತೀರ್ಪು ಕೊಟ್ಟಳು: "ಇನ್ನೊಂದು ಸಲ ಇದರಿಂದ ತೊಂದರೆ ಆದ್ರೆ ತೊಟ್ಟಿ ಗುಜರಿಗೆ."

ತಮ್ಮ ತಲೆ ಓಡಿಸಿದ. ಪಾತ್ರೆ ತಿಕ್ಕುವ ಕಬ್ಬಿಣದ ನಾರನ್ನು ಪೈಪಿನ ಒಂದು ತುಂಡಿನೊಳಗೆ ಗಿಡಿದು, ಗ್ಯಾಸು ಅದರ ಮೂಲಕವೇ ಹಾಯುವಂತೆ ಮಾಡಿದ. ನಾತ ಹೇಳಹೆಸರಿಲ್ಲದೆ ಹೋಯಿತು. ಮಹಡಿಯಾಕೆ ಖುಷಿಯಾಗಿ ತನ್ನ ಮನೆಯ ಸಿಪ್ಪೆಯನ್ನೂ ಕಳಿಸತೊಡಗಿದಳು. ಗ್ಯಾಸು ಸೋರಿದರೆ ಇನ್ನು ಮೂಗಿಗೆ ಗೊತ್ತಾಗುವುದಿಲ್ಲ ಎಂಬುದು ಮಾತ್ರ ಒಬ್ಬರಿಗೂ ಹೊಳೆಯಲಿಲ್ಲ.

ಚಳಿಗೆ ಕಿಟಕಿ ಮುಚ್ಚಿದ್ದ ಒಂದು ಬೆಳಗ್ಗೆ ಅವಳು ಅಡುಗೆಮನೆಗೆ ಹೋಗಿ ಕಡ್ಡಿ ಗೀರಿದಳು. ಭುಗ್ಗೆಂದಿತು. ಅವಳ ಕಿರುಚಾಟಕ್ಕೆ ತಮ್ಮ ಓಡಿಬಂದು, ಒಲೆ ನೋಡಿ, ಹೊರಗೆ ಹಾರಿ ತೊಟ್ಟಿಯ ವಾಲ್ವ್ ಮುಚ್ಚಿದ. ಅವಳ ಬಲಗೈ ಮೊಣಕೈವರೆಗೆ ಬೆಂದಿತ್ತು, ಹುಬ್ಬು ಸುಟ್ಟು ಹೋಗಿತ್ತು. ತಮ್ಮನ ಹೆಂಡತಿ ಆ ಕೈಗೆ ತಣ್ಣೀರು ಸುರಿಯುತ್ತಲೇ ಕೇಳಿದಳು, "ರಾತ್ರಿ ಒಲೆ ಆಫ್ ಮಾಡಿರ್ಲಿಲ್ವಾ ಅತ್ತಿಗೆ?"

"ಮಾಡಿದ್ದೆ ಕಣಮ್ಮ."

ಆಕೆ ಗಂಡನ ಕಡೆ ತಿರುಗಿದಳು. "ನೀವು ನೋಡಿದ್ರಲ್ಲ. ನಾಬ್ ತೆರೆದೇ ಇತ್ತಾ?"

ತಮ್ಮ ಒಲೆಯ ಕಡೆ ನೋಡದೆ, "ಹೂಂ" ಎಂದ.

ಕೈ ಮೆಲ್ಲಗೆ ಮಾಯತೊಡಗಿತು, ಮನಸ್ಸು ಮಾತ್ರ ಹುಣ್ಣಾಯಿತು. ನಾಬ್ ತಿರುಗಿಸಿದ ನೆನಪೇನೋ ಇತ್ತು. ಆದರೆ ಅದು ಆ ರಾತ್ರಿಯದೋ, ಹಿಂದಿನ ರಾತ್ರಿಯದೋ? ದಿನಾ ಮಾಡುವ ಕೆಲಸಕ್ಕೆ ಯಾರು ಗುರುತು ಹಾಕಿಡುತ್ತಾರೆ? ತಮ್ಮ ಸುಳ್ಳಾಡುವವನಲ್ಲ, ಅವಳೇ ಎತ್ತಿ ಆಡಿಸಿದ ಹುಡುಗ. ಹಾಗಾದರೆ ತನಗೇ ಅರಳುಮರಳು. ಅವಳ ಅವ್ವ ಕೊನೆಗಾಲದಲ್ಲಿ ಹೆತ್ತ ಮಗಳನ್ನೇ "ಯಾರಮ್ಮ ನೀನು?" ಎಂದು ಕೇಳಿದ್ದಳು. ತಾನೂ ಆ ದಾರಿ ಹಿಡಿದೆ ಎಂದು ಸಿಪ್ಪೆಯಕ್ಕನ ಎದೆ ಒಡೆಯಿತು. ಚಹಾಕ್ಕೆ ಸಕ್ಕರೆ ಹಾಕಿಕೊಂಡೆನೋ ಇಲ್ಲವೋ ಎಂದು ಯೋಚಿಸುತ್ತಾ ಲೋಟ ಹಿಡಿದು ಕೂತುಬಿಡುವಳು. ಬೀದಿಯವರ ಹೆಸರುಗಳನ್ನು ತುಟಿಯೊಳಗೇ ಒಪ್ಪಿಸಿಕೊಳ್ಳುವಳು.

ತಮ್ಮನ ಹೆಂಡತಿ ಬೆಂಕಿಪೊಟ್ಟಣವನ್ನು ಮೇಲಿನ ಕಪಾಟಿನಲ್ಲಿಟ್ಟಳು. "ನೀವಿನ್ನು ಒಲೆ ಹತ್ರ ಬರ್ಬೇಡಿ ಅತ್ತಿಗೆ, ಆರಾಮಾಗಿ ಕೂತ್ಕೊಳ್ಳಿ" ಎಂದು ಮೆತ್ತಗೆ ಹೇಳಿದಳು. ಮೊಳೆ ಹೊಡೆಯುವವಳು ಮೆತ್ತಗಾದದ್ದು ಕಂಡು ಸಿಪ್ಪೆಯಕ್ಕನಿಗೆ ಇನ್ನಷ್ಟು ಭಯವಾಯಿತು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಒಂದು ಮಧ್ಯಾಹ್ನ ಮನೆಯಲ್ಲಿ ಯಾರೂ ಇಲ್ಲದಾಗ ಎಡಗೈಯಲ್ಲೇ ಒಲೆ ಒರೆಸಲು ಹೋದಳು. ಗೋಡೆಯಿಂದ ಒಲೆಗೆ ಬರುವ ರಬ್ಬರ್ ಪೈಪಿಗೆ ಬಟ್ಟೆ ತಾಗಿತು. ಹಳೆಯ ಪೈಪಿಗೆ ಎಣ್ಣೆ ಜಿಡ್ಡು ಮೆತ್ತಿ ಬೆರಳು ಅಂಟುತ್ತಿತ್ತು. ಇದು ನುಣ್ಣಗೆ, ಬಿರುಸಾಗಿ, ಅಂಗಡಿಯ ವಾಸನೆ ಹೊಡೆಯುತ್ತಿತ್ತು. ಇದೂ ತನ್ನ ತಲೆಯ ಆಟವೇನೋ ಎಂದು ಮೂಸಿ ಮೂಸಿ ನೋಡಿದಳು.

ಸಂಜೆ ತಮ್ಮ ಬಂದು ಚಪ್ಪಲಿ ಬಿಡುವ ಮೊದಲೇ ಕೇಳಿದಳು, "ಒಲೆ ಪೈಪು ಬದಲಾಯಿಸ್ದೆಯಾ?"

"ಹಳೇದಾಗಿತ್ತಲ್ಲ ಅಕ್ಕ..."

"ನನ್ನ ಮುಖ ನೋಡಿ ಹೇಳು."

ಅವನು ಹೊಸ್ತಿಲ ಮೇಲೇ ಕುಸಿದು ಕೂತ. "ಕ್ಲಿಪ್ಪಿನ ಹತ್ರ ಸೀಳಿತ್ತು. ರಾತ್ರಿಯೆಲ್ಲ ಅಲ್ಲೇ ಸೋರಿದೆ."

"ಮತ್ತೆ ನಾಬು?"

"ಮುಚ್ಚೇ ಇತ್ತು. ನಾನೇ ಜೋಡಿಸಿದ ಪೈಪು, ವಾಸನೆ ತೆಗೆದವನೂ ನಾನೇ. ಅದು ಗೊತ್ತಾದ್ರೆ ಇವಳು ತೊಟ್ಟಿ ಗುಜರಿಗೆ ಹಾಕ್ತಿದ್ಲು. ನೀನು ಮತ್ತೆ ಆ ಟ್ರಂಕಿನ ಮೇಲೆ ಕೂತ್ಬಿಡ್ತೀಯಾ ಅಂತ... ಬರೀ ಮರೆವು ಅಂದ್ರೆ ನಾಲ್ಕು ದಿನದಲ್ಲಿ ಎಲ್ಲಾ ಸರಿಹೋಗುತ್ತೆ ಅನ್ಕೊಂಡೆ."

ಸಿಪ್ಪೆಯಕ್ಕನಿಗೆ ಅಳುವೂ ಸಿಟ್ಟೂ ಒಟ್ಟಿಗೇ ಬಂದವು. "ಕೈ ಸುಟ್ಟಿದ್ದಕ್ಕೆ ನಾನು ನಿನ್ನ ಒಂದು ಮಾತೂ ಅಂತಿರ್ಲಿಲ್ಲ ಕಣೋ. ಅವ್ವನ ಹಾಗೆ ಆಗ್ಬಿಟ್ಟೆ ಅಂತ ನಾನು ದಿನಾ ಸಾಯ್ತಿದ್ದೆ. ನೀನು ಎದುರಿಗೇ ಕೂತು ಉಣ್ತಿದ್ದೆ. ಬರಲಿ ಅವಳು. ಅವಳ ಮುಂದೆ ಹೇಳು."

ಹೆಂಡತಿ ಕೆಲಸದಿಂದ ಬಂದ ಮೇಲೆ ಅವನು ಹೇಳಿದ. ಆಕೆ ಕೇಳಿಸಿಕೊಂಡು ಗಂಡನನ್ನು ಅಡಿಯಿಂದ ಮುಡಿವರೆಗೆ ನೋಡಿದಳು.

"ನಾಚಿಕೆ ಆಗಲ್ವಾ ನಿಮಗೆ? ಆ ನಾರಿನ ಪೈಪು ಮೊದಲು ಕಿತ್ತು ಬಿಸಾಕಿ. ನಾತ ಬಂದ್ರೆ ಬರ್ಲಿ, ಮೇಲಿನೋರಿಗೆ ಉತ್ತರ ನಾನು ಕೊಡ್ತೀನಿ." ಕಪಾಟಿನಿಂದ ಬೆಂಕಿಪೊಟ್ಟಣ ತೆಗೆದು ಅತ್ತಿಗೆಯ ಕೈಗಿಟ್ಟಳು. "ಚಹಾ ಮಾಡಿ ಅತ್ತಿಗೆ. ನಿಮ್ಮ ಕೈದು ಕುಡಿದು ಎಷ್ಟು ದಿನ ಆಯ್ತು."

ತಮ್ಮ ಆ ತುಂಡು ಕಿತ್ತು ಪೈಪು ಸೇರಿಸಿದ. ಸಿಪ್ಪೆಯಕ್ಕ ಕಿಟಕಿ ತೆರೆದು, ಗಾಳಿ ಆಡಲು ಬಿಟ್ಟು, ಆಮೇಲೆ ಕಡ್ಡಿ ಗೀರಿದಳು. ನೀಲಿ ಉರಿ ಹತ್ತಿತು. ಚಹಾ ಕುದಿಸಿ, ಒಲೆ ಆರಿಸಿ, ಲೋಟಗಳನ್ನು ತಟ್ಟೆಯಲ್ಲಿಟ್ಟುಕೊಂಡು ಹೊರಗೆ ಬಂದಳು. ಬಾಗಿಲ ಬಳಿ ನಿಂತಳು. ತಟ್ಟೆ ಕೆಳಗಿಟ್ಟು ಹಿಂದಕ್ಕೆ ಹೋಗಿ ನಾಬ್ ಮುಟ್ಟಿ ಬಂದಳು. ಎರಡು ಹೆಜ್ಜೆ ಇಡುವಷ್ಟರಲ್ಲಿ ಮತ್ತೆ ಕಾಲು ನಿಂತಿತು.

"ಒಂಚೂರು ನೋಡಿ ಬಾರಪ್ಪ," ಎಂದಳು ತಮ್ಮನಿಗೆ. "ಮುಚ್ಚಿದೀನಾ?"

ಅವನು ದಡಬಡಿಸಿ ಎದ್ದು ಹೋಗಿ ನೋಡಿ ಬಂದ. "ಮುಚ್ಚಿದೀಯಾ ಅಕ್ಕ."

ಅವಳು ಅವನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಅವನ ಹೆಂಡತಿಯ ಕಡೆ ತಿರುಗಿ, "ನೀನೂ ಒಂದ್ಸಲ ನೋಡಿಬಿಡಮ್ಮ" ಎಂದಳು.